ಪಾವಗಡದ ಬಸ್ಸೂ ನನ್ನ ಹೊಟ್ಟೆನೋವೂ

ನನ್ನ ಜೀವಮಾನದಲ್ಲಿ ನಾನು ಹನ್ನೊಂದು ತಿಂಗಳ ಕಾಲ ಮ್ಯಾನೇಜರಾಗಿದ್ದೆ. ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದೇನೆಂದು ದಯವಿಟ್ಟು ಭಾವಿಸಬೇಡಿ. ಹೊಸ ಡಾಕ್ಟರ ಹತ್ತಿರ ಹೋದಾಗ, "ಹಿಂದೆ ಏನಾದರೂ ದೊಡ್ಡ ಕಾಯಿಲೆ ಆಗಿತ್ತೇ?" ಎಂದು ಅವರು ಕೇಳುತ್ತಾರಲ್ಲ, ಆಗ ನಾವು ಟೈಫಾಯಿಡ್ಡು, ಕಾಮಾಲೆ ಎಂದು ನೆನಪು ಮಾಡಿಕೊಂಡು ಹೇಳುತ್ತೇವಲ್ಲ, ಆ ಧಾಟಿಯಲ್ಲಿ ಹೇಳುತ್ತಿದ್ದೇನೆ. ಟೈಫಾಯಿಡ್ಡು ನನಗೆ ಇಪ್ಪತ್ತೊಂದು ದಿನ ಇತ್ತು. ಮ್ಯಾನೇಜರ್‌ಗಿರಿ ಹನ್ನೊಂದು ತಿಂಗಳು. ಎರಡರಲ್ಲೂ ತಲೆಗೂದಲು ಉದುರಿತು. ಟೈಫಾಯಿಡ್ಡಿನಲ್ಲಿ ಉದುರಿದ್ದು ಮಾತ್ರ ಮತ್ತೆ ಬಂತು.

ಸ್ವಾತಂತ್ರ್ಯ ಬಂದು ಹತ್ತು ಹನ್ನೆರಡು ವರ್ಷವಾಗಿದ್ದ ಕಾಲ ಅದು. ಮಧುಗಿರಿಯ ಬಸ್ ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳದೇ ರಾಜ್ಯ. ನಮ್ಮ ಸರ್ವೀಸಿಗೆ ನಾಲ್ಕು ಬಸ್ಸು. ಒಂದು ಪಾವಗಡಕ್ಕೆ, ಒಂದು ಸಿರಾಕ್ಕೆ, ಒಂದು ಕೊರಟಗೆರೆಗೆ. ನಾಲ್ಕನೆಯದು ಸ್ಪೇರ್, ಅಂದರೆ, ಮಿಕ್ಕ ಮೂರರಲ್ಲಿ ಯಾವುದಾದರೂ ಕೆಟ್ಟರೆ ಅದರ ಬದಲಿಗೆ ಓಡಲಿ ಎಂದು ಇಟ್ಟದ್ದು, ಮತ್ತು ಸಾಮಾನ್ಯವಾಗಿ ಎಲ್ಲಕ್ಕಿಂತ ಮೊದಲು ಕೆಡುತ್ತಿದ್ದದ್ದು. ಆ ಸರ್ವೀಸಿನಲ್ಲಿ ನಾನು ಏಳು ವರ್ಷ ಬುಕಿಂಗ್ ಕ್ಲಾರ್ಕು. ನನಗೊಂದು ಗೂಡು, ಗೂಡಿಗೊಂದು ಕಿಟಕಿ, ಕಿಟಕಿಗೆ ಒಂದು ಕೈ ತೂರುವಷ್ಟು ಸಂದು. ಜನ ಬರುತ್ತಿದ್ದರು, "ದೊಡ್ಡೇರಿಗೆ ಒಂದು," "ಪಾವಗಡಕ್ಕೆ ಎರಡೂವರೆ" ಎನ್ನುತ್ತಿದ್ದರು. ಆ ಅರ್ಧ ಅನ್ನಿಸಿಕೊಂಡ ಹುಡುಗ ನನಗಿಂತ ಎತ್ತರವಾಗಿರುತ್ತಿದ್ದ. ನಾನು ಟಿಕೆಟ್ಟು ಹರಿದು ಕೊಡುತ್ತಿದ್ದೆ. ಬಸ್ಸು ಹೊರಟು ಬೆಟ್ಟದ ಕಡೆಯ ತಿರುವಿನಲ್ಲಿ ಮರೆಯಾದರೆ ನನ್ನ ಮನಸ್ಸಿನಿಂದಲೂ ಮರೆಯಾಗುತ್ತಿತ್ತು. ಆಮೇಲೆ ಅದು ಪಾವಗಡಕ್ಕೆ ಹೋಯಿತೋ ಕಾಶಿಗೆ ಹೋಯಿತೋ ಅದು ಮ್ಯಾನೇಜರ ತಲೆನೋವು. ನಾನು ಹನ್ನೆರಡು ಗಂಟೆಗೆ ಮನೆಗೆ ಹೋಗಿ, ಸಾರನ್ನ ಮಜ್ಜಿಗೆಯನ್ನ ಎರಡನ್ನೂ ನ್ಯಾಯವಾಗಿ ಉಂಡು, ಹತ್ತು ನಿಮಿಷ ಅಡ್ಡಾಗಿ ಎದ್ದು ಬರುತ್ತಿದ್ದೆ.

ಆಗಿನ ಮ್ಯಾನೇಜರು ವೆಂಕಣ್ಣನವರು. ಅವರು ಕುರ್ಚಿಯಲ್ಲಿ ಕೂತೇ ನಿದ್ದೆ ಮಾಡುವುದರಲ್ಲಿ ಸಿದ್ಧಹಸ್ತರು. ಡ್ರೈವರು ಓಡಿ ಬಂದು, "ಸಾಮೀ, ಹಿಂದಿನ ಟೈರು ಸಿಡಿದೋಯ್ತು" ಎಂದರೆ ಒಂದೇ ಕಣ್ಣು ತೆರೆದು, "ಮುಂದಿಂದು ಚೆನ್ನಾಗಿದೆಯೇನಪ್ಪ?" ಎಂದು ಕೇಳಿ, ಹೌದೆಂದರೆ ಆ ಕಣ್ಣನ್ನೂ ಮುಚ್ಚಿಬಿಡುತ್ತಿದ್ದರು. ನಾವೆಲ್ಲ ಬೆನ್ನ ಹಿಂದೆ ನಗುತ್ತಿದ್ದೆವು. ಆ ಕುರ್ಚಿಯಲ್ಲಿ ನಾನಿದ್ದಿದ್ದರೆ ಸರ್ವೀಸು ಗಡಿಯಾರದ ಹಾಗೆ ನಡೆಯುತ್ತಿತ್ತು ಎಂದು ನಾನು ಹೆಂಡತಿ ಜಾನಕಿಯ ಹತ್ತಿರ ಅನೇಕ ಸಲ ಹೇಳಿದ್ದೆ. ಈಗ ಯೋಚಿಸಿದರೆ, ರೋಗ ನನ್ನನ್ನು ಹಿಡಿದದ್ದು ಆಗಲೇ. ಹೊರಗೆ ಕಾಣಿಸಿಕೊಂಡದ್ದು ವೆಂಕಣ್ಣನವರು ಕೆಲಸ ಬಿಟ್ಟ ಮೇಲೆ.

ಸರ್ವೀಸಿನ ಧಣಿಗಳು ತುಮಕೂರಿನಲ್ಲಿದ್ದರು. ಅವರು ಒಂದು ದಿನ ಕಾರಿನಲ್ಲಿ ಬಂದು, ನನ್ನನ್ನು ಗೂಡಿನಿಂದ ಹೊರಕ್ಕೆ ಕರೆದು, "ನಿಮ್ಮ ಅಕ್ಷರ ಚೆನ್ನಾಗಿದೆ. ನಾಳೆಯಿಂದ ನೀವೇ ಮ್ಯಾನೇಜರು" ಎಂದು ಹೇಳಿ ಹೋದರು. ಅಕ್ಷರಕ್ಕೂ ಬಸ್ಸು ಓಡಿಸುವುದಕ್ಕೂ ಏನು ಸಂಬಂಧ ಎಂದು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಮನೆಗೆ ಹೋಗುವ ದಾರಿಯಲ್ಲಿ ಮೂವರು ನಮಸ್ಕಾರ ಮಾಡಿದರು. ನಾನು ತಲೆಯನ್ನು ಸ್ವಲ್ಪವೇ ಬಾಗಿಸಿದೆ, ಮ್ಯಾನೇಜರು ಎಷ್ಟು ಬಾಗಿಸಬೇಕೋ ಅಷ್ಟು.

ಮಾರನೆಯ ಬೆಳಗ್ಗೆ ಪಾವಗಡದ ಬಸ್ಸು ಬೆಟ್ಟದ ತಿರುವಿನಲ್ಲಿ ಮರೆಯಾಯಿತು. ಏಳು ವರ್ಷ ದಿನವೂ ಮರೆಯಾದ ಹಾಗೆಯೇ ಮರೆಯಾಯಿತು. ಆದರೆ ಆವತ್ತು ನನ್ನ ಮನಸ್ಸಿನಿಂದ ಮಾತ್ರ ಹೋಗಲಿಲ್ಲ. ತಿರುವಿನ ಆಚೆ ಏನಾಗುತ್ತಿರಬಹುದು? ದನ ಅಡ್ಡ ಬಂದರೆ? ರೇಡಿಯೇಟರಿನ ನೀರು ಕುದಿದರೆ? ಮಿಡಿಗೇಶಿಯಲ್ಲಿ ಯಾರಾದರೂ ಹಾರೆ ಗುದ್ದಲಿ ಟಾಪಿನ ಮೇಲೆ ಹಾಕಿ ಅದು ಜಾರಿ ಬಿದ್ದರೆ? ಕ್ಲಾರ್ಕಿನ ಕೆಲಸ ಬಸ್ಸು ಹೊರಟಾಗ ಮುಗಿಯುತ್ತದೆ, ಮ್ಯಾನೇಜರ ಕೆಲಸ ಆಗ ಶುರುವಾಗುತ್ತದೆ ಎನ್ನುವುದು ನನಗೆ ಆ ಗಳಿಗೆಯಲ್ಲಿ ಗೊತ್ತಾಯಿತು. ಎಲ್ಲಕ್ಕಿಂತ ತಮಾಷೆಯೆಂದರೆ ಆ ಕೆಲಸವನ್ನು ಮಾಡುವುದು ಹೇಗೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಹಾಗಾಗಿ ನಾನು ನನಗೆ ಗೊತ್ತಿದ್ದ ಒಂದೇ ರೀತಿಯಲ್ಲಿ ಮಾಡಿದೆ. ಹೆದರಿಕೊಂಡು ಕೂತೆ.

ಪಾವಗಡದಿಂದ ತಿರುಗಿ ಬರುವ ಬಸ್ಸು ಮಧ್ಯಾಹ್ನ ಹನ್ನೆರಡಕ್ಕೆ ಮಧುಗಿರಿಗೆ ಬರಬೇಕು. ಹನ್ನೊಂದೂವರೆಗೇ ನಾನು ಕುರ್ಚಿ ಬಿಟ್ಟು ರಸ್ತೆಯ ಮೇಲೆ ನಿಲ್ಲುತ್ತಿದ್ದೆ. ಹನ್ನೆರಡಾದರೂ ಬರದಿದ್ದರೆ ಹೊಕ್ಕುಳ ಮೇಲೆ ಒಂದು ಕಡೆ ಚುಳ್ ಎನ್ನುತ್ತಿತ್ತು. ಹನ್ನೆರಡೂಕಾಲಿಗೆ ಯಾರೋ ಒಳಗೆ ಒಲೆ ಹಚ್ಚಿದ ಹಾಗೆ. ಹನ್ನೆರಡೂವರೆಗೆ ಆ ಒಲೆಯ ಮೇಲೆ ಒಗ್ಗರಣೆ. ಊಟಕ್ಕೆ ಹೋಗುವ ಮಾತೇ ಇಲ್ಲ. ಮೊದಲ ತಿಂಗಳು ಜಾನಕಿ ಊಟವನ್ನು ಆರದಂತೆ ಮುಚ್ಚಿಟ್ಟಳು. ಎರಡನೆಯ ತಿಂಗಳು ಡಬ್ಬಿಯಲ್ಲಿ ಕಳಿಸಿದಳು. ಮೂರನೆಯ ತಿಂಗಳು ತಾನೇ ಬಂದು, ರಸ್ತೆಯ ಮೇಲೆ ಒಂದು ಕಾಲಿನಲ್ಲಿ ನಿಂತ ಕೊಕ್ಕರೆಯಂತಿದ್ದ ನನ್ನನ್ನು ನೋಡಿ, ಡಬ್ಬಿಯನ್ನು ಮ್ಯಾನೇಜರ ಕುರ್ಚಿಯ ಮೇಲಿಟ್ಟು ಹೋದಳು. ಬೆಲ್ಟಿಗೆ ನಾನೇ ಮೊಳೆಯಿಂದ ಎರಡು ಹೊಸ ತೂತು ಮಾಡಿಕೊಂಡೆ.

ಡಾಕ್ಟರಲ್ಲಿಗೆ ಹೋದೆ. ಅವರು ವಯಸ್ಸಾದವರು, ಸಾವಧಾನದ ಮನುಷ್ಯ. ಹೊಟ್ಟೆಯನ್ನು ನಾಲ್ಕು ಕಡೆ ಒತ್ತಿ ನೋಡಿ ಕೇಳಿದರು:

"ನೋವು ಯಾವಾಗ ಬರುತ್ತೆ? ಊಟಕ್ಕೆ ಮುಂಚೆಯೋ, ಆಮೇಲೋ?"

"ಪಾವಗಡದ ಬಸ್ಸಿಗೆ ಮುಂಚೆ, ಡಾಕ್ಟರೇ."

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಬಸ್ಸು ಬಂದ ಮೇಲೆ?"

"ಹೋಗುತ್ತೆ. ಆಮೇಲೆ ಎರಡು ಗಂಟೆಗೆ ಸಿರಾದ ಬಸ್ಸು ಹೊರಡುತ್ತಲ್ಲ, ಆಗ ಎಡಗಡೆಗೆ ಬರುತ್ತೆ."

"ಕೊರಟಗೆರೆ ಬಸ್ಸು?"

"ಅದು ಹತ್ತಿರದ್ದು. ಬರೀ ತೇಗು."

ಡಾಕ್ಟರು ನಗಲಿಲ್ಲ, ಅದು ಅವರ ದೊಡ್ಡತನ. ಬಾಟಲಿಯಲ್ಲಿ ಗುಲಾಬಿ ಬಣ್ಣದ ಮಿಕ್ಸ್ಚರು ಕೊಟ್ಟು, "ದಿನಕ್ಕೆ ಮೂರು ಸಲ ಕುಡೀರಿ. ಆದರೆ ಒಂದು ಮಾತು. ನಿಮ್ಮ ಹೊಟ್ಟೇಲಿ ಏನೂ ಇಲ್ಲ. ಅದೇ ಕಷ್ಟ. ಅಲ್ಲಿ ಅನ್ನ ಇರಬೇಕಾಗಿತ್ತು, ಬಸ್ಸು ನಿಲ್ಲಿಸಿಕೊಂಡಿದ್ದೀರಿ" ಎಂದರು.

ಹೊಟ್ಟೆಯ ಕಥೆ ಹೀಗಾದರೆ ಕೆಲಸದ ಕಥೆ ಇನ್ನೂ ಚೆಂದ. ಹಸಿದ ಮನುಷ್ಯನಿಗೆ ಹೊಳೆಯುವ ಉಪಾಯಗಳೆಲ್ಲ ಅಪಾಯಗಳೇ. ಒಂದು ದಿನ ಸಿರಾ ಬಸ್ಸಿಗೆ ಕೊರಟಗೆರೆಯ ಬೋರ್ಡನ್ನು ನನ್ನ ಕೈಯಾರೆ ಸಿಕ್ಕಿಸಿದೆ. ಕೊರಟಗೆರೆಯ ಕೋರ್ಟಿಗೆ ಹೋಗಬೇಕಾಗಿದ್ದ ಮೂವರು ಬಡವನಹಳ್ಳಿಯಲ್ಲಿ ಇಳಿದು ನನ್ನ ವಂಶವನ್ನೆಲ್ಲ ನೆನೆದರಂತೆ. ಇನ್ನು ಹೀಗಾಗಕೂಡದು, ಎಲ್ಲವೂ ನನ್ನ ಕಣ್ಣಳತೆಯಲ್ಲಿರಬೇಕು ಎಂದು ನಾನು ಹೊಸ ಕ್ರಮ ತಂದೆ. ದಾರಿಯ ಪ್ರತಿಯೊಂದು ಊರಿನಲ್ಲೂ ಬಸ್ಸು ನಿಲ್ಲುವ ಹೋಟೆಲಿನವನ ಹತ್ತಿರ ಒಂದು ನೋಟ್ ಪುಸ್ತಕ. ಬಸ್ಸು ಬಂದ ಹೊತ್ತು, ಹೊರಟ ಹೊತ್ತು ಅದರಲ್ಲಿ ಬರೆದು, ಹೋಟೆಲಿನವನೂ ಕಂಡಕ್ಟರೂ ರುಜು ಹಾಕಬೇಕು. ರುಜು ಬೀಳದೆ ಬಸ್ಸು ಹೊರಡಕೂಡದು. ಪ್ರತಿ ಪುಸ್ತಕದ ಮೊದಲ ಪುಟದಲ್ಲೂ ಇದನ್ನು ಬರೆದು, ಈ ಕೊನೆಯ ವಾಕ್ಯದ ಕೆಳಗೆ ಕೆಂಪು ಮಸಿಯಲ್ಲಿ ಎರಡು ಗೆರೆ ಎಳೆದೆ.

ಪಾವಗಡದ ಬಸ್ಸಿನ ಡ್ರೈವರು ದಸ್ತಗೀರ್ ಸಾಹೇಬರು, ಸಿರಾದವರು, ಇಪ್ಪತ್ತು ವರ್ಷದಿಂದ ಸ್ಟೇರಿಂಗು ಹಿಡಿದವರು. ನನ್ನ ಆಜ್ಞೆಯನ್ನು ಪೂರ್ತಿ ಕೇಳಿ ಗಡ್ಡ ನೀವಿಕೊಂಡು, "ಸಾಬ್, ನಾನು ಬಸ್ ಓಡಿಸ್ಲಾ, ಸಬ್ ರಿಜಿಸ್ಟ್ರಾರ್ ಕಚೇರಿ ಓಡಿಸ್ಲಾ?" ಎಂದರು. ಕಂಡಕ್ಟರು ಓಬಳೇಶ ಪಾವಗಡದ ಕಡೆಯವನು. ಅವನ ಕನ್ನಡ ಅರ್ಧ ದಾರಿಗೆ ಬಂದು ತೆಲುಗಿನ ಬಸ್ಸು ಹತ್ತುತ್ತಿತ್ತು. "ಏಮಿ ಸಾರ್ ಇದು! ಒಂದೊಂದು ಊರಾಗೆ ಐದೈದು ನಿಮಿಷ ಅಂದ್ರೆ ಎಂತ ಲೇಟು ಆಯ್ತದೆ ನೋಡ್ರಿ ಸಾರ್" ಎಂದ. ಲೆಕ್ಕ ಸರಿಯಾಗಿಯೇ ಇತ್ತು. ಬಸ್ಸು ತಡವಾಗುವುದನ್ನು ತಡೆಯಲು ಮಾಡಿದ ಏರ್ಪಾಡಿನಿಂದ ಬಸ್ಸು ದಿನವೂ ಮುಕ್ಕಾಲು ಗಂಟೆ ತಡವಾಗತೊಡಗಿತು. ತಡವಾದಷ್ಟೂ ನನಗೆ ನೋವು ಹೆಚ್ಚಿತು. ನೋವು ಹೆಚ್ಚಿದಷ್ಟೂ ನಾನು ಇನ್ನೂ ಎರಡು ಊರಿಗೆ ಪುಸ್ತಕ ಕಳಿಸಿದೆ.

ಹೀಗೆ ನಡೆಯುತ್ತಿರುವಾಗ ಆ ದಿನ ಬಂತು.

ಪಾವಗಡದ ಬಸ್ಸು ಹನ್ನೆರಡಕ್ಕೆ ಬರಲಿಲ್ಲ, ಅದು ವಾಡಿಕೆ. ಒಂದಕ್ಕೆ ಬರಲಿಲ್ಲ, ಅದಕ್ಕೂ ಹೊಟ್ಟೆ ಒಗ್ಗಿಕೊಂಡಿತ್ತು. ಒಂದೂವರೆಯಾದರೂ ಬಾರದಿದ್ದಾಗ ನಾನು ಸ್ಪೇರ್ ಬಸ್ಸಿನ ಡ್ರೈವರನ್ನು ಕರೆದು, ಪಾವಗಡದ ರಸ್ತೆಯಲ್ಲಿ ಹೋಗಿ ಹುಡುಕು ಎಂದೆ. "ಎಲ್ಲೀಗಂಟ ಹೋಗ್ಲಿ ಸಾರ್?" ಎಂದು ಅವನು ಕೇಳಿದ. "ಸಿಕ್ಕುವವರೆಗೆ" ಎಂದೆ. ಅವನು ಖಾಲಿ ಬಸ್ಸನ್ನು ಧೂಳೆಬ್ಬಿಸಿಕೊಂಡು ಹೊಡೆದುಕೊಂಡು ಹೋದ.

ಎರಡು ಗಂಟೆಗೆ ಸಿರಾ ಬಸ್ಸು ತುಂಬಿ ಹೊರಡಲು ಸಿದ್ಧವಾಗಿತ್ತು. ಅಷ್ಟರಲ್ಲಿ ಮಿಡಿಗೇಶಿ ಕಡೆಯಿಂದ ಸೈಕಲ್ಲಿನಲ್ಲಿ ಬಂದವನೊಬ್ಬ ನನ್ನ ಮುಂದೆ ಇಳಿದು, "ಸಾಮೀ, ನಿಮ್ ಬಸ್ಸು ಕೆರೆ ಏರಿ ತಾವ ವಾಲ್ಕೊಂಡು ನಿಂತೈತೆ" ಎಂದ.

ನಾನು ಅವನ ಸೈಕಲ್ಲಿನ ಹ್ಯಾಂಡಲ್ ಹಿಡಿದೆ. "ಜನ? ಜನಕ್ಕೆ ಏನಾದರೂ ಆಯ್ತೇ?"

"ಜನ ಒಬ್ರೂ ಕಾಣ್ನಿಲ್ಲ. ಬಸ್ ಬರಿದಾಗೈತೆ."

ಬಸ್ಸು ಬರಿದಾಗಿದೆ. ಐವತ್ತು ಜನ ಕೂತಿದ್ದ ಬಸ್ಸು ಕೆರೆಯ ಏರಿಯ ಮೇಲೆ ವಾಲಿ ಬರಿದಾಗಿದೆ. ಹಾಗಾದರೆ ಜನರೆಲ್ಲ ಎಲ್ಲಿ? ನನ್ನ ಹಸಿದ ಮೆದುಳು ಅವರನ್ನೆಲ್ಲ, ದಸ್ತಗೀರ್ ಸಾಹೇಬರ ಗಡ್ಡದ ಸಮೇತ, ಒಬ್ಬೊಬ್ಬರನ್ನಾಗಿ ಕೆರೆಗೆ ಇಳಿಸಿತು. ಅದು ಸ್ಪೇರ್ ಬಸ್ಸಾಗಿರಬಹುದು, ಅದನ್ನು ಅರ್ಧ ಗಂಟೆಯ ಹಿಂದೆ ನಾನೇ ಖಾಲಿಯಾಗಿ ಕಳಿಸಿದ್ದೆ ಎನ್ನುವುದು ಸ್ಟ್ಯಾಂಡಿನಲ್ಲಿ ಬೀಡಿ ಸೇದುತ್ತಿದ್ದ ಯಾರಿಗೆ ಬೇಕಾದರೂ ಹೊಳೆಯಬಹುದಾಗಿತ್ತು. ಮ್ಯಾನೇಜರಿಗೆ ಹೊಳೆಯಲಿಲ್ಲ. "ಸಿರಾ ಬಸ್ಸಿನಿಂದ ಎಲ್ಲರೂ ಇಳೀರಿ!" ಎಂದು ಕೂಗಿದೆ. ಹಗ್ಗ, ಜಾಕು, ಆಸ್ಪತ್ರೆಯ ಕಾಂಪೌಂಡರು, ಎರಡು ಬಕೆಟ್ಟು ಎಲ್ಲವನ್ನೂ ಅದರಲ್ಲಿ ತುಂಬಿ ಕೆರೆ ಏರಿಗೆ ಓಡಿಸಿದೆ. ಬಕೆಟ್ಟು ಏತಕ್ಕೆಂದು ಕಾಂಪೌಂಡರು ಆಮೇಲೆ ವರ್ಷಗಟ್ಟಲೆ ನನ್ನನ್ನು ಕೇಳುತ್ತಿದ್ದರು. ಕೆರೆಯನ್ನು ಮೊಗೆಯುವುದಕ್ಕೇ ಇರಬೇಕು.

ಸಿರಾಕ್ಕೆ ಹೋಗುವ ನಲವತ್ತು ಜನ ಗಂಟುಮೂಟೆಯೊಂದಿಗೆ ಬಿಸಿಲಿನಲ್ಲಿ ನಿಂತರು. ಅವರ ಮುಂದೆ ನಿಂತಿದ್ದವಳು ದೊಡ್ಡೇರಿ ಕಡೆಯ ಒಬ್ಬ ಹೆಂಗಸು, ಕರಿಯಮ್ಮ. ತವರಿನವರ ಮನೆಗೆಂದು ಮಧುಗಿರಿಗೆ ಬಂದಿದ್ದವಳಿಗೆ ಬೆಳಗ್ಗೆ ಸುದ್ದಿ ಮುಟ್ಟಿತ್ತಂತೆ. ತಲೆಯ ಮೇಲೆ ಹಳೇ ಸೀರೆಗಳ ಗಂಟು, ಕಂಕುಳಲ್ಲಿ ತುಪ್ಪದ ಡಬ್ಬಿ.

"ಯಾಕಪ್ಪಾ ಇಳ್ಸ್‌ಬುಟ್ಟೆ? ಸಿರಾದಾಗೆ ನನ್ ಮಗ್ಳು ನೋವ್ ತಿಂತಾವ್ಳೆ. ಚೊಚ್ಚಲು. ತಾಯಿ ಬರ್ಲಿ, ತಾಯಿ ಬರ್ಲಿ ಅಂತಾವ್ಳಂತೆ. ನಾನ್ ಈಗ ಹೆಂಗೋಗ್ಲಿ?"

ಅವಳ ಮುಖವನ್ನು ನೋಡಿದೆ. ಕೋಪಕ್ಕಿಂತ ಹೆಚ್ಚಾಗಿ ಅಲ್ಲಿ ಭಯವಿತ್ತು. ಹನ್ನೊಂದು ತಿಂಗಳು ನಾನು ಕಲ್ಪಿಸಿಕೊಂಡು ಹೆದರಿದ್ದೆನಲ್ಲ, ಇದು ಆ ಬಗೆಯ ಭಯವಲ್ಲ. ನಿಜವಾದ ಭಯ, ಮತ್ತು ಅದನ್ನು ತಂದವನು ನಾನು. ಏನೋ ಹೇಳಲು ಬಾಯಿ ತೆರೆದೆ. ಹೊಕ್ಕುಳ ಮೇಲೆ ಯಾರೋ ಕೊಡಲಿ ಇಟ್ಟಂತಾಯಿತು. ಕಣ್ಣು ಕತ್ತಲೆ ಕಟ್ಟಿತು. ಬೆಟ್ಟ ಒಂದು ಕಡೆಗೆ ವಾಲಿತು, ಆಮೇಲೆ ಸ್ಟ್ಯಾಂಡು, ಆಮೇಲೆ ನಾನು.

ಕಣ್ಣು ಬಿಟ್ಟಾಗ ಕಲ್ಲು ಬೆಂಚಿನ ಮೇಲೆ ಮಲಗಿದ್ದೆ. ತಲೆಯ ಕೆಳಗೆ ಮೆತ್ತಗಿತ್ತು. ಬಾಣಂತಿಗೆಂದು ತಂದಿದ್ದ ಹಳೇ ಸೀರೆಗಳ ಗಂಟು. ಕರಿಯಮ್ಮ ಸೆರಗಿನಿಂದ ಗಾಳಿ ಹಾಕುತ್ತಿದ್ದಳು.

"ಬೆಳಗ್ಗಿಂದ ಏನ್ ತಿಂದಿದೀಯ?"

"ಕಾಫಿ."

"ನಿನ್ನೆ ಮಧ್ಯಾನ?"

"ಮಿಕ್ಸ್ಚರು."

"ಅದೇನ್ ಸೊಪ್ಪೋ ನಂಗ್ ತಿಳೀದು. ಎದ್ದು ಕೂಕಾ" ಎಂದು ಗದರಿಸಿ, ಮಡಿಲಿನಿಂದ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ತೆಗೆದು ನನ್ನ ಕೈಗಿಟ್ಟಳು. ನಾನು ಬೇಡವೆಂದೆ. "ನನ್ ಬಸ್ಸಂತೂ ಕಳ್ಸ್‌ಬುಟ್ಟೆ. ನನ್ ಮಾತಾದ್ರೂ ಕೇಳು" ಎಂದಳು. ಆ ನ್ಯಾಯಕ್ಕೆ ಎದುರಾಡಲು ಸಾಧ್ಯವಿರಲಿಲ್ಲ. ನಲವತ್ತು ಜನರ ಕಣ್ಣೆದುರಿಗೆ, ಸಿರಾ ಬಸ್ಸನ್ನು ಕಳೆದ ಮ್ಯಾನೇಜರು ರೊಟ್ಟಿ ತಿಂದ. ಎರಡನೆಯ ರೊಟ್ಟಿಯ ಅರ್ಧದಲ್ಲಿದ್ದಾಗ ತಿರುವಿನಲ್ಲಿ ಹಾರನ್ ಕೇಳಿಸಿತು.

ಪಾವಗಡದ ಬಸ್ಸು! ನೆಟ್ಟಗೆ, ಸುರಕ್ಷಿತವಾಗಿ, ತುಂಬಿ ಬರುತ್ತಿತ್ತು. ಜನರೆಲ್ಲ ನಗುನಗುತ್ತಾ ಇಳಿದರು. ಒಬ್ಬೊಬ್ಬರ ಕೈಯಲ್ಲೂ ತೆಂಗಿನಕಾಯಿ, ಬಾಯಲ್ಲಿ ವೀಳ್ಯದೆಲೆ. ಅವರನ್ನು ನೋಡಿ ನನಗೆ ಅಳು ಬಂತು. ಓಬಳೇಶ ಓಡಿ ಬಂದು ಕೆಂಪು ಗೆರೆಯ ನೋಟ್ ಪುಸ್ತಕವನ್ನು ನನ್ನ ಮುಂದೆ ಹಿಡಿದ.

"ರುಜು ಆಗೈತೆ ಸಾರ್! ಆ ಮಿಡಿಗೇಶಿ ಹೋಟ್ಲು ತಿಮ್ಮಣ್ಣ ಅವ್ನಲ್ಲ, ಬುಕ್ಕು ಜೋಬಿನಾಗೆ ಇಟ್ಕೊಂಡು ಪಕ್ಕದ ಊರಿಗೆ ಮದುವೆಗೆ ಹೋಗ್‌ಬುಟ್ಟಿದ್ದ ಸಾರ್. ರುಜು ಇಲ್ದೆ ಬಸ್ಸು ಹೊರಡಬಾರ್ದು ಅಂತ ನೀವು ಆರ್ಡರ್ ಮಾಡಿದ್ರಿ ಕದಾ? ಅದ್ಕೇ ಗಾಡಿ ದಾರಿಲಿ ಬಸ್ಸು ಅಲ್ಲಿಗೇ ಹೊಡ್ಕೊಂಡು ಹೋದ್ವಿ. ಅವರು ಊಟ ಮಾಡ್ದೆ ಬಿಡಲ್ಲ ಅಂದ್ರು. ಪೆಳ್ಳಿ ಊಟ ಬಲೇ ಚೆನ್ನಾಗಿತ್ತು ಸಾರ್."

ದಸ್ತಗೀರ್ ಸಾಹೇಬರು ನಿಧಾನವಾಗಿ ಇಳಿದು ಬಂದರು. "ಸ್ಪೇರ್ ಬಸ್ಸು ಕೆರೆ ಏರಿ ಮೇಲೆ ಕುರಿಗೆ ಸೈಡ್ ಕೊಡಕ್ಕೋಗಿ ಚಕ್ರ ಇಳಿಸ್ಕೊಂಡೈತೆ. ಡ್ರೈವರು ಜನ ಕರ್ಯಕ್ಕೆ ಹಳ್ಳಿಗೆ ಹೋಗಿದ್ದ, ಈಗ ಬಂದವ್ನೆ. ಸಿರಾ ಬಸ್ಸು ಅದನ್ನ ಎಳೀತಾ ಐತೆ. ಯಾರ್ಗೂ ಏನೂ ಆಗಿಲ್ಲ, ಖುದಾ ದೊಡ್ಡೋನು" ಎಂದರು. ಆಮೇಲೆ ಬೆಂಚನ್ನು, ರೊಟ್ಟಿಯನ್ನು, ಕರಿಯಮ್ಮನನ್ನು, ಬಿಸಿಲಲ್ಲಿ ನಿಂತ ನಲವತ್ತು ಜನರನ್ನು ನೋಡಿದರು. ಯಾರೂ ಹೇಳದೆಯೇ ಅವರಿಗೆ ಎಲ್ಲವೂ ಅರ್ಥವಾಯಿತು. ನನ್ನ ಅಪ್ಪಣೆಗೆ ಕಾಯಲಿಲ್ಲ. "ಸಿರಾದೋರೆಲ್ಲಾ ಹತ್ರಿ! ಅಮ್ಮಾ, ನೀವು ಮುಂದ್ಗಡೆ ಕೂತ್ಕೊಳ್ಳಿ" ಎಂದು ಕೂಗಿ, ನನ್ನ ರಟ್ಟೆ ಹಿಡಿದು ಎಬ್ಬಿಸಿದರು.

"ನಾನೇಕೆ ಸಾಹೇಬರೇ? ನಾನು ಇಲ್ಲಿರಬೇಕು."

"ಬ್ಯಾಡ ಸಾಬ್. ನಿಮ್ಮನ್ನ ಇಲ್ಲಿ ಬುಟ್ರೆ ಕೊರಟಗೆರೆ ಬಸ್ಸುನ್ನೂ ಎಲ್ಲಿಗಾದ್ರೂ ಕಳಿಸ್‌ಬುಡ್ತೀರಿ."

ಮ್ಯಾನೇಜರನ್ನು ಒಬ್ಬ ಡ್ರೈವರು ಹೀಗೆ ಬಸ್ಸಿಗೆ ಹತ್ತಿಸುವುದು ಶಿಸ್ತಿಗೆ ವಿರುದ್ಧ ಎಂದು ನನಗೆ ಗೊತ್ತಿತ್ತು. ಆದರೆ ಒಂದೂವರೆ ರೊಟ್ಟಿ ಬಿದ್ದ ಹೊಟ್ಟೆ ಶಿಸ್ತಿನ ವಿಚಾರವನ್ನು ಆಮೇಲೆ ನೋಡಿಕೊಳ್ಳೋಣ ಎಂದಿತು. ಬಸ್ಸು ಹೊರಟಿತು. ಒಂದು ವಿಚಿತ್ರ ನೋಡಿ: ಬಸ್ಸಿನ ಒಳಗೆ ಕೂತವನಿಗೆ ಬಸ್ಸು ಎಲ್ಲಿದೆ ಎಂಬ ಚಿಂತೆಯೇ ಇರುವುದಿಲ್ಲ. ಅದು ನನ್ನ ಕೆಳಗೇ ಇತ್ತು. ಬಡವನಹಳ್ಳಿ ದಾಟುವ ಮೊದಲೇ ನಾನು ನಿದ್ದೆ ಹೋದೆನಂತೆ. ನನ್ನ ಗೊರಕೆಗೆ ಎಂಜಿನ್ನಿನ ಸದ್ದು ಕೇಳಿಸದೆ ಸಾಹೇಬರು ಗೇರು ಬದಲಾಯಿಸಲು ಕಷ್ಟಪಟ್ಟರಂತೆ. ದಾರಿಯ ಒಂದು ಊರಿನಲ್ಲೂ ರುಜುವಿಗೆ ನಿಲ್ಲಲಿಲ್ಲ. ಎಷ್ಟೋ ತಿಂಗಳ ಮೇಲೆ ನಮ್ಮ ಬಸ್ಸೊಂದು, ತಡವಾಗಿ ಹೊರಟರೂ, ಹೊತ್ತಿಗೆ ಸರಿಯಾಗಿ ಸಿರಾ ಸೇರಿತು.

ಕರಿಯಮ್ಮ ಗಂಟು ಎತ್ತಿಕೊಂಡು, ತಿರುಗಿಯೂ ನೋಡದೆ ಬೀದಿಯಲ್ಲಿ ಓಡಿದಳು. ಸಾಹೇಬರ ಮನೆ ಅಲ್ಲೇ ಹತ್ತಿರ. ಜಗಲಿಯ ಮೇಲೆ ಕೂರಿಸಿ ಚಹಾ ಕೊಡಿಸಿದರು. ನಾನು ಲೋಟವನ್ನು ಪಕ್ಕಕ್ಕಿಟ್ಟೆ. ಆ ಹುಡುಗಿಗೆ ಏನಾದರೂ ಆಗಿಬಿಟ್ಟಿದ್ದರೆ? ತಾಯಿ ಬರಲಿ ಎಂದು ಕೂಗಿ ಕೂಗಿ ಸುಮ್ಮನಾಗಿಬಿಟ್ಟಿದ್ದರೆ? ಕುದಿಯುವ ರೇಡಿಯೇಟರು, ಜಾರುವ ಹಾರೆ, ಯಾವುದೂ ಆಗ ನೆನಪಿಗೆ ಬರಲಿಲ್ಲ. ಆ ಬೀದಿಯ ಕೊನೆಯನ್ನೇ ನೋಡುತ್ತಾ ಕೂತಿದ್ದೆ.

ಸಾಹೇಬರು ಮೆಲ್ಲಗೆ ಹೇಳಿದರು: "ಸಾಬ್, ನಾನು ಇಪ್ಪತ್ತ್ ವರ್ಷ ಓಡ್ಸಿದೀನಿ. ಟೈರು ಸಿಡಿದೈತೆ, ಬ್ರೇಕ್ ಹೋಗೈತೆ. ನಂಗೆ ಒಂದಿನಾನೂ ಹೊಟ್ಟೆ ನೋವು ಬಂದಿಲ್ಲ. ಯಾಕೆ ಗೊತ್ತಾ? ನನ್ ಕೈನಾಗೆ ಸ್ಟೇರಿಂಗ್ ಐತೆ. ನಿಮ್ ಕೈನಾಗೆ ಏನೈತೆ? ಬರೀ ಫಿಕರ್ರು, ಯೋಚ್ನೆ. ವೆಂಕಣ್ಣೋರ್ಗೆ ಅದು ತಿಳಿದಿತ್ತು. ಸ್ಟೇರಿಂಗ್ ಇದ್ದೋನ್ನ ನಂಬಿ ಕಣ್ ಮುಚ್ಕೊತಿದ್ರು."

ಅಷ್ಟರಲ್ಲಿ ಬೀದಿಯ ಕೊನೆಯಿಂದ ಕರಿಯಮ್ಮ ಬರುವುದು ಕಾಣಿಸಿತು. ದೂರದಿಂದಲೇ ಕೂಗಿದಳು:

"ಹೆಣ್ ಮಗ ಕಣಪ್ಪಾ! ನಾನ್ ಬಾಗ್ಲಿಗೆ ಕಾಲಿಕ್ಕಿದ್ದೂ, ಅದು ಅತ್ತಿದ್ದೂ ಒಂದೇ ಗಳ್ಗೆ. ತಾಯಿ ಮಗ ಇಬ್ರೂ ಚೆಂದಾಗವ್ರೆ. ನೀನೊಬ್ನೇ ಸರ್ಯಾಗಿಲ್ದೋನು. ಹೋಗಿ ಹೊಟ್ಟೆ ತುಂಬಾ ಉಣ್ಣು!"

ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದೆ. ಅಷ್ಟು ರುಚಿಯಾದ ಚಹಾವನ್ನು ಆಮೇಲೆ ಎಲ್ಲಿಯೂ ಕುಡಿದಿಲ್ಲ.

ಮೂರು ದಿನದ ಮೇಲೆ ಧಣಿಗಳಿಂದ ಕರೆ ಬಂತು. ಕೆಲಸ ಹೋಗುವುದು ಖಂಡಿತ ಎಂದುಕೊಂಡೇ ತುಮಕೂರಿಗೆ ಹೋದೆ. ಧಣಿಗಳು ಕಡಲೆಕಾಯಿ ಸುಲಿಯುತ್ತಾ ಕೂತಿದ್ದರು. ತಲೆಯೆತ್ತದೆ ಕೇಳಿದರು:

"ಮೂರು ಬಸ್ಸನ್ನ ಒಂದೇ ಗುಂಡಿಗೆ ಕಳಿಸಿದ್ರಂತಲ್ಲ?"

"ಇಲ್ಲ ಸ್ವಾಮಿ, ಎರಡೇ."

"ಮೂರನೇದು ಎಲ್ಲಿತ್ತು?"

"ಮದುವೆ ಮನೆಯಲ್ಲಿ."

ಅವರ ಕೈಯಿಂದ ಕಡಲೆಕಾಯಿ ಜಾರಿತು. ಮೊದಲು ಕೆಮ್ಮಿದರು ಎಂದುಕೊಂಡೆ; ಅದು ನಗು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕು, ಧೋತ್ರದ ಚುಂಗಿನಿಂದ ಒರೆಸಿಕೊಂಡು, "ಊಟ ಹೇಗಿತ್ತಂತೆ?" ಎಂದರು. ಚೆನ್ನಾಗಿತ್ತಂತೆ ಎಂದೆ. ಆಗ ನನಗೆ ಎಲ್ಲಿಂದಲೋ ಧೈರ್ಯ ಬಂತು. "ಸ್ವಾಮಿ, ನನ್ನನ್ನು ಕೆಲಸದಿಂದ ತೆಗೆಯಬೇಡಿ. ಕುರ್ಚಿಯಿಂದ ತೆಗೆಯಿರಿ. ನನ್ನ ಕಿಟಕಿ ನನಗೆ ಕೊಟ್ಟುಬಿಡಿ" ಎಂದೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು, ವಿಶೇಷವಾಗಿ ಬೆಲ್ಟನ್ನು. "ಮನುಷ್ಯ ಅರ್ಧ ಆಗಿಬಿಟ್ಟಿದ್ದೀರಲ್ರೀ. ಮೊದಲೇ ಹೇಳಬಾರದಾಗಿತ್ತೆ? ಹೋಗಿ, ಕಿಟಕೀಲಿ ಕೂತ್ಕೊಳ್ಳಿ" ಎಂದರು. ಹೊರಗೆ ಬಂದವನು ಎದುರಿನ ಹೋಟೆಲಿಗೆ ನುಗ್ಗಿ ಮೂರು ಮಸಾಲೆ ದೋಸೆ ತಿಂದೆ. ಮಾಣಿ ನಾಲ್ಕನೆಯದು ಬೇಕೇ ಎಂದು ಕೇಳಿದಾಗ ನಾಚಿಕೆಯಿಂದ ಎರಡು ಇಡ್ಲಿ ಎಂದೆ.

ಇನ್ನೊಂದು ಭಯ ಉಳಿದಿತ್ತು. ಜಾನಕಿಗೆ ಹೇಳುವುದು ಹೇಗೆ? ಮ್ಯಾನೇಜರ ಹೆಂಡತಿಯೆಂದು ಅವಳಿಗೆ ಅರಿಸಿನ ಕುಂಕುಮಕ್ಕೆ ಮೊದಲ ಮಣೆ ಸಿಗುತ್ತಿತ್ತು. ಸುತ್ತಿ ಬಳಸಿ, ಮಾನವಂತನಂತೆ, ನಾನಾಗಿಯೇ ರಾಜೀನಾಮೆ ಕೊಟ್ಟೆ ಎಂಬ ಅರ್ಥ ಬರುವ ಹಾಗೆ ವಿಷಯ ತಿಳಿಸಿದೆ. ಅವಳು ಒಳಗೆ ಹೋಗಿ ದೇವರಿಗೆ ದೀಪ ಹಚ್ಚಿ ಬಂದು, "ನಾಳೆ ಮಂಗಳವಾರ. ದಂಡಿನ ಮಾರಮ್ಮನ ಗುಡಿಗೆ ಹೋಗಿ ಮಡಿಲಕ್ಕಿ ಕೊಟ್ಟು ಬರಬೇಕು" ಎಂದಳು. ಯಾಕೆ ಎಂದೆ. "ನಿಮ್ಮ ಕುರ್ಚಿ ಹೋಗಲಿ ಅಂತ ನಾಲ್ಕು ತಿಂಗಳ ಹಿಂದೆ ಹರಕೆ ಹೊತ್ತಿದ್ದೆ" ಎಂದಳು. ನಾನು ಹಗಲೆಲ್ಲ ಆ ಕುರ್ಚಿಯನ್ನು ಉಳಿಸಿಕೊಳ್ಳಲು ಒದ್ದಾಡುತ್ತಿದ್ದಾಗ, ಅದನ್ನು ಕೀಳಲು ಇವಳು ಮಾರಮ್ಮನನ್ನೇ ಗೊತ್ತುಮಾಡಿದ್ದಳು! ಇಬ್ಬರ ನಡುವೆ ನಾನೊಬ್ಬ ಗುಮಾಸ್ತೆ ಎಷ್ಟು ದಿನ ತಡೆಯಬಲ್ಲೆ?

ಮಾರನೆಯ ದಿನ ಟಿಕೆಟ್ಟು ಹರಿದೆ, ಬಸ್ಸು ತಿರುವಿನಲ್ಲಿ ಮರೆಯಾಯಿತು, ಮನೆಗೆ ಹೋಗಿ ಊಟ ಮಾಡಿದೆ. ಹೊಟ್ಟೆ ತೆಪ್ಪಗಿತ್ತು. ಎರಡು ತಿಂಗಳಲ್ಲಿ ಬೆಲ್ಟಿನ ಹಳೆಯ ತೂತುಗಳೂ ಸಾಲದಾದವು.

ತುಮಕೂರಿನಿಂದ ಹೊಸ ಮ್ಯಾನೇಜರು ಬಂದರು, ಶ್ರೀಕಂಠಯ್ಯನವರು. ಗುಂಡಗೆ, ಕೆಂಪಗೆ, ಯಾವಾಗಲೂ ಏನಾದರೂ ಗುನುಗುವ ಮನುಷ್ಯ. ಒಂದು ತಿಂಗಳಿಗೆ ಗುನುಗುವುದು ನಿಂತಿತು. ಒಂದು ಮಧ್ಯಾಹ್ನ ನನ್ನ ಕಿಟಕಿಯ ಹತ್ತಿರ ಬಂದು, "ರಾಯರೇ, ಈ ಹೊತ್ತಾದರೆ ಹೊಟ್ಟೆಯಲ್ಲಿ ಒಂದು ತರಹ ಆಗುತ್ತಲ್ಲ, ಏನಿರಬಹುದು?" ಎಂದು ಪಿಸುಗುಟ್ಟಿದರು. ಏನೆಂದು ಜಗತ್ತಿನಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ನನಗೆ. ನಾನು ಅವರಿಗೆ ನಿಜವಾಗಿಯೂ ಉಪಕಾರ ಮಾಡಿದೆ. ಹೊತ್ತಿಗೆ ಸರಿಯಾಗಿ ಊಟಕ್ಕೆ ಎಬ್ಬಿಸಿ ಕಳಿಸಿದೆ. ವಾರಕ್ಕೆ ಒಂದು ಸಲ ಪಾವಗಡದ ಬಸ್ಸಿನಲ್ಲೇ ಕೂತು ಹೋಗಿಬನ್ನಿ, ಮಿಕ್ಕ ದಿನ ದಸ್ತಗೀರ್ ಸಾಹೇಬರನ್ನು ನಂಬಿ ಎಂದೆ. ಅವರು ಹಾಗೇ ಮಾಡಿದರು. ಬಣ್ಣ ತಿರುಗಿತು, ಬಸ್ಸುಗಳೂ ಹೊತ್ತಿಗೆ ಬಂದವು. ಆದರೆ ಔಷಧಿಯಲ್ಲಿ ಇನ್ನರ್ಧ ಇತ್ತಲ್ಲ, ರಾಜೀನಾಮೆ, ಅದರ ಬಗ್ಗೆ ಮಾತ್ರ ನಾನು ಉಸಿರೆತ್ತಲಿಲ್ಲ. ಅವರು ಹೋದರೆ ಧಣಿಗಳ ಕಣ್ಣು ಮತ್ತೆ ಯಾರ ಮೇಲೆ ಬೀಳುತ್ತದೆಂದು ನನಗೆ ಗೊತ್ತಿತ್ತು. ಅವರು ಎಂದಾದರೂ ಬೇಸರದಿಂದ, "ಬಿಟ್ಟುಬಿಡೋಣ ಅನ್ನಿಸುತ್ತೆ ರಾಯರೇ" ಎಂದರೆ, "ಛೆ ಛೆ, ನಿಮ್ಮಂಥ ಮ್ಯಾನೇಜರು ಈ ನಾಲ್ಕು ತಾಲ್ಲೂಕಿನಲ್ಲಿ ಇನ್ನೊಬ್ಬರಿಲ್ಲ" ಎಂದು ಗಾಬರಿಯಿಂದ ಹೇಳುತ್ತಿದ್ದೆ.

ಆ ಗಾಬರಿಯನ್ನು ಅವರು ಪ್ರೀತಿಯೆಂದು ತಿಳಿದರು. ಒಂದು ದಿನ ಕಿಟಕಿಯ ಸಂದಿನಿಂದ ಹೊರಗೆ ಚಾಚಿದ್ದ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ನಿಮ್ಮಷ್ಟು ನಿಸ್ವಾರ್ಥಿಯನ್ನು ನಾನು ಕಂಡೇ ಇಲ್ಲ" ಎಂದು ಗದ್ಗದಿತರಾದರು. ಪುಣ್ಯಕ್ಕೆ ಆ ಸಂದಿನಲ್ಲಿ ಕೈ ಮಾತ್ರ ತೂರುತ್ತಿತ್ತು. ಮುಖ ಒಳಗೇ ಇತ್ತು.